ಸಾಲಿಲ್ಲದ ಕಲ್ಲುಗಳು

ಓತಿಕ್ಯಾತವನ್ನು ಹಿಡಿಯುವುದು ಅಂಥ ಕಷ್ಟದ ಕೆಲಸವೇನಲ್ಲ. ಬಿದಿರು ಕೋಲಿನ ತುದಿಗೆ ದಾರದ ಕುಣಿಕೆ ಕಟ್ಟಿಕೊಂಡು ಸದ್ದಿಲ್ಲದೆ ಹತ್ತಿರ ಹೋದರೆ ಅದು ಕುಣಿಕೆಯನ್ನು ಹುಲ್ಲಿನ ಎಳೆ ಎಂದುಕೊಂಡು ಸುಮ್ಮನೆ ನೋಡುತ್ತಿರುತ್ತದೆ. ಕಷ್ಟ ಇರುವುದು ಬಿಟ್ಟ ಮೇಲೆ. ವಾರ ಕಳೆದು ಮತ್ತೆ ಕಂಡ ಓತಿ ಮೊನ್ನೆ ಹಿಡಿದದ್ದೋ, ಅದರ ದಾಯಾದಿಯೋ ಎಂದು ಹೇಳಲಾಗದಿದ್ದರೆ ಹಿಡಿದದ್ದೂ ದಂಡ, ಬಿಸಿಲಲ್ಲಿ ಬೆಂದದ್ದೂ ದಂಡ.

ನನ್ನ ಪಿಎಚ್‌ಡಿಯ ಎರಡನೇ ಬೇಸಿಗೆಯ ಮಾತಿದು. ಜಾಗ, ಕಲ್ಯಾಣದುರ್ಗದ ಹೊರಗಿನ ಒಂದು ಗೋಮಾಳ. ಸುಮ್ಮನೆ ಕಣ್ಣು ಹಾಯಿಸಿದವರಿಗೆ ಅಲ್ಲಿ ಏನೂ ಇಲ್ಲ. ಕೆಂಪು ಗರಸು, ಮೊಣಕಾಲು ಮುಟ್ಟದ ಹುಲ್ಲು, ಅಲ್ಲೊಂದು ಇಲ್ಲೊಂದು ತಂಗಡಿ ಗಿಡ, ಎಲ್ಲೆಂದರಲ್ಲಿ ಕಲ್ಲು, ದೂರದ ದಿಬ್ಬದ ಮೇಲೆ ತಿರುಗುವ ಗಾಳಿಯಂತ್ರಗಳು. ಆದರೆ ಬೇಸಿಗೆಯಲ್ಲಿ ಬಿಸಿಲೇರುವ ಹೊತ್ತಿಗೆ ಹೋಗಿ ಕೂತರೆ ಒಳ್ಳೊಳ್ಳೆಯ ಕಲ್ಲಿನ ಮೇಲೆಲ್ಲ ಒಂದೊಂದು ಗಂಡು ಓತಿ ಕಾಣುತ್ತದೆ. ಅಂಗೈಯಲ್ಲಿ ಅಡಗುವಷ್ಟು ಮೈ, ಗದ್ದದ ಕೆಳಗೆ ಮಡಿಸಿಟ್ಟ ಚರ್ಮ. ಹೆಣ್ಣನ್ನೋ ಎದುರಾಳಿಯನ್ನೋ ಕಂಡರೆ ಆ ಚರ್ಮವನ್ನು ಬೀಸಣಿಗೆಯ ಹಾಗೆ ಬಿಚ್ಚಿ ಮುಚ್ಚಿ ಮಾಡುತ್ತದೆ. ಬಿಳಿಯ ಮೇಲೆ ನೀಲಿ ಪಟ್ಟೆ ಫಳ್ಳನೆ ಹೊಳೆಯುತ್ತದೆ. ಹೆದರಿದರೆ ಹಿಂಗಾಲೆರಡರ ಮೇಲೆ ಎದ್ದು ಓಡುತ್ತದೆ. ಮೊದಲ ಸಲ ಅದನ್ನು ನೋಡಿದಾಗ ನಾನು ನಗುತ್ತಾ ನೆಲದ ಮೇಲೆ ಕೂತುಬಿಟ್ಟಿದ್ದೆ.

ನನ್ನ ಪ್ರಶ್ನೆ ಸರಳವಾಗಿತ್ತು. ಎತ್ತರದ, ಒಳ್ಳೆಯ ಕಲ್ಲು ಹಿಡಿದ ಗಂಡಿನ ಸುತ್ತ ಹೆಣ್ಣುಗಳು ಹೆಚ್ಚಾಗಿ ಸುಳಿಯುತ್ತವೆ. ಆ ಗಂಡಿನ ಬೀಸಣಿಗೆಯೂ ಸಾಮಾನ್ಯವಾಗಿ ದೊಡ್ಡದೇ. ಹಾಗಾದರೆ ಹೆಣ್ಣು ಬರುವುದು ಕಲ್ಲನ್ನು ನೋಡಿಯೋ, ಬೀಸಣಿಗೆಯನ್ನು ನೋಡಿಯೋ? ಎರಡೂ ಒಟ್ಟಿಗೇ ಇರುವಾಗ ದುರ್ಬೀನು ಹಿಡಿದು ಎಷ್ಟು ದಿನ ಕೂತರೂ ಬಿಡಿಸಿ ಹೇಳುವುದು ಕಷ್ಟ. ಕಲ್ಲುಗಳನ್ನೇ ಸರಿಸಿ ನೋಡೋಣ ಎಂದು ಮೊದಲ ವರ್ಷವೇ ಬರೆದುಕೊಟ್ಟು, ಅನುಮತಿಗೆ ಹಾಕಿದ ಅರ್ಜಿಯಲ್ಲೂ ಸೇರಿಸಿದ್ದೆ. “ಅನುಮತಿ ಸಿಗಬಹುದು. ಅಷ್ಟು ಕಲ್ಲು ಹೊರೋದಕ್ಕೆ ಆಳು ಎಲ್ಲಿಂದ ತರ್ತೀಯ?” ಎಂದು ನನ್ನ ಗೈಡ್ ಮೇಡಂ ಆ ಭಾಗವನ್ನು ಯೋಜನೆಯ ಕೊನೆಗೆ ತಳ್ಳಿದ್ದರು.

ಕಾಯಲು ಸಮಯವೂ ಹೆಚ್ಚಿರಲಿಲ್ಲ. ಫೆಲೋಶಿಪ್ಪಿನ ಮೊದಲ ಎರಡು ವರ್ಷ ಮುಗಿಯುವಾಗ ಸಮಿತಿಯೊಂದು ಕೂತು ಕೆಲಸ ನೋಡುತ್ತದೆ. ಒಪ್ಪಿದರೆ ಮುಂದಿನ ವರ್ಷಗಳಿಗೂ ಫೆಲೋಶಿಪ್ ಉಂಟು. ಒಪ್ಪದಿದ್ದರೆ ಸಂಶೋಧನೆಯನ್ನು ಕಟ್ಟಿಟ್ಟು ಹೊಟ್ಟೆಪಾಡು ನೋಡಿಕೊಳ್ಳಬೇಕು. ನನ್ನ ಮೊದಲ ಬೇಸಿಗೆ ಅರಣ್ಯ ಇಲಾಖೆಯ ಅನುಮತಿ, ಸಂಸ್ಥೆಯ ಪ್ರಾಣಿ ಸಮಿತಿಯ ಅನುಮತಿ ಎಂದು ಕಚೇರಿಗಳ ಮೆಟ್ಟಿಲು ಹತ್ತುವುದರಲ್ಲೇ ಕರಗಿತ್ತು. ಹಾಗಾಗಿ ಈ ಎರಡನೇ ಬೇಸಿಗೆಯೇ ಗತಿ. ಮಳೆ ಬಿದ್ದು ಹುಲ್ಲೆದ್ದರೆ ಓತಿಗಳು ಕಣ್ಣಿಗೆ ಬೀಳುವುದಿಲ್ಲ, ಅಲ್ಲಿಗೆ ಆಟ ಮುಗಿಯಿತು.

ಮೊದಲ ಪೆಟ್ಟು ಗುರುತು ಹಾಕುವುದರಲ್ಲೇ ಬಿತ್ತು. ಬೆನ್ನಿಗೆ ಬಣ್ಣದ ಚುಕ್ಕಿ ಇಟ್ಟೆ. ಓತಿಗಳು ಪೊರೆ ಕಳಚಿ ಹೊಸದಾಗಿ ನಿಂತವು. ಕೆಲವರು ಕಾಲ್ಬೆರಳು ಕತ್ತರಿಸಿ ಗುರುತು ಮಾಡುತ್ತಾರೆ, ಅದಕ್ಕೆ ನನಗೆ ಮನಸ್ಸಿರಲಿಲ್ಲ. ಉಳಿದದ್ದು ಮಣಿ. ಬಾಲದ ಬುಡದ ದಪ್ಪ ಮಾಂಸದಲ್ಲಿ ಸಣ್ಣ ಸೂಜಿಯಿಂದ ನೈಲಾನ್ ಎಳೆಯೊಂದನ್ನು ಹಾಯಿಸಿ, ಸಾಸಿವೆ ಗಾತ್ರದ ಮೂರು ಬಣ್ಣದ ಮಣಿ ಪೋಣಿಸಿ ಗಂಟು ಹಾಕಬೇಕು. ಕೈಪಿಡಿಯಲ್ಲಿ ಹೇಳಿದ ಗಂಟು ಹಾಕಿದೆ. ನೈಲಾನ್ ಜಾರುವ ಜಾತಿ, ಮೂರು ದಿನಕ್ಕೆ ಅರ್ಧ ಮಣಿಗಳು ಗರಸಿನಲ್ಲಿ ಬಿದ್ದಿದ್ದವು.

ಆಗ ನನಗೆ ನನ್ನ ಕೈ ನೆನಪಾಯಿತು. ನಾನು ಹಿಂದೂಪುರದ ಮಗ್ಗದ ಮನೆಯವಳು. ಶಾಲೆಯಿಂದ ಬಂದು ಚೀಲ ಎಸೆದರೆ ನನ್ನ ಕೆಲಸ ಅಪ್ಪನ ಮಗ್ಗದಲ್ಲಿ ಕಡಿದ ಹಾಸಿನ ಎಳೆಗಳಿಗೆ ಗಂಟು ಹಾಕುವುದು. ಆ ಗಂಟು ಬಟ್ಟೆಯಲ್ಲಿ ಕಾಣಬಾರದು, ಎಳೆದಷ್ಟೂ ಬಿಗಿಯಬೇಕು. ಎಷ್ಟೋ ವರ್ಷಗಳಿಂದ ಹಾಕದಿದ್ದರೂ ಬೆರಳುಗಳು ಮರೆತಿರಲಿಲ್ಲ. ಅದನ್ನೇ ಎರಡು ಸುತ್ತು ಮಾಡಿ ಹಾಕಿದೆ, ಮಣಿ ಕದಲಲಿಲ್ಲ. ಮೂರು ಮಣಿಗಳಿಗೂ ನಮ್ಮ ಮನೆಯ ಸೀರೆಯ ಹೆಸರುಗಳನ್ನೇ ಕೊಟ್ಟೆ. ಮೊದಲನೆಯದು ಒಡಲು, ಎರಡನೆಯದು ಅಂಚು, ಮೂರನೆಯದು ಸೆರಗು. ಹೀಗೆ ಗೋಮಾಳದ ಅತಿ ದೊಡ್ಡ ಬೀಸಣಿಗೆಯ, ಅತಿ ಎತ್ತರದ ಕಲ್ಲಿನ ಯಜಮಾನ ‘ಕೆಂಪೊಡಲು ಹಸಿರಂಚು ಹಳದಿ ಸೆರಗು’ ಆದ. ಚಿಕ್ಕದಾಗಿ ಕೆಂಪೊಡಲ ಎನ್ನುತ್ತಿದ್ದೆ. ಅವನ ಮೇಲೆ ನನಗೆ ಸ್ವಲ್ಪ ಪಕ್ಷಪಾತವಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಆಮೇಲಿನದು ಜಾಗದ ನಕ್ಷೆ. ಯಾವ ಓತಿ ಎಲ್ಲಿ ಕೂತಿತ್ತು ಎಂದು ಬರೆಯಲು ನೆಲವನ್ನು ಚೌಕ ಚೌಕವಾಗಿ ಗುರುತಿಸಿಕೊಳ್ಳಬೇಕು. ಹತ್ತು ಹೆಜ್ಜೆಗೊಂದು ಕಲ್ಲು ನೆಟ್ಟೆ, ಟೇಪು ಹಿಡಿದು ಸಾಲು ಸರಿಮಾಡಿದೆ. ಮೈಗೆ ಬಿಳಿ ಬಣ್ಣ, ತಲೆಗೆ ಕೆಂಪು ಪಟ್ಟಿ, ಹೊಟ್ಟೆಯ ಮೇಲೆ ನಂಬರು. ಓತಿಗಳು ಕೂರುವ ಕಲ್ಲುಗಳಿಗೂ ಬಿಳಿಯಲ್ಲಿ ನಂಬರು ಬರೆದೆ. ಅವುಗಳಲ್ಲಿ ಯಾವುದೂ ತಲೆಗಿಂತ ದಪ್ಪದ್ದಲ್ಲ. ಹಿಂದೂಪುರದಲ್ಲಿ ಹುಟ್ಟಿ ಬೆಳೆದವಳಿಗೆ ಆಗಲೇ ಹೊಳೆಯಬೇಕಿತ್ತು. ಕೊಡಿಕೊಂಡದ ಚೆಕ್‌ಪೋಸ್ಟಿನಿಂದ ಹಿಡಿದು ಪೆನುಕೊಂಡದ ಕಾರಿನ ಕಾರ್ಖಾನೆಯವರೆಗೆ ರಸ್ತೆಯ ಎರಡೂ ಪಕ್ಕ ಬಿಳಿ ಮೈಯ, ಕೆಂಪು ತಲೆಯ ಕಲ್ಲುಗಳ ಸಾಲು. ಹೊಲಗಳನ್ನು ಮನೆಯ ಸೈಟುಗಳಾಗಿ ತುಂಡು ಮಾಡಿದವರು ನೆಡುವ ಕಲ್ಲುಗಳವು. ನಮ್ಮ ಕಡೆ ಅದಕ್ಕೆ ವೆಂಚರ್ ಹಾಕುವುದು ಎನ್ನುತ್ತಾರೆ. ದಿನಾ ನೋಡಿ ನೋಡಿ ನನ್ನ ಕಣ್ಣಿಗೆ ಕಲ್ಲೆಂದರೆ ಅದೇ ವೇಷ ಎಂದು ಕೂತುಬಿಟ್ಟಿತ್ತೋ ಏನೋ.

ಮೊದಲ ಎಚ್ಚರಿಕೆ ಬಂದದ್ದು ಅಪ್ಪನ ಫೋನಿನಿಂದ.

“ಏನಮ್ಮ, ನೀನು ವೆಂಚರ್ ಹಾಕ್ತಿದೀಯಂತೆ?”

“ಯಾರಪ್ಪ ಹೇಳಿದ್ದು?”

“ಹಿಂದಿನ ಬೀದಿ ಬ್ರೋಕರು ಬಂದ್ಬುಟ್ಟು ಕೂತವ್ನೆ. ಕಲ್ಯಾಣದುರ್ಗದ ರೋಡಲ್ಲಿ ಬತ್ತಾ ನೋಡಿದ್ನಂತೆ, ನೀನು ಬ್ರಷ್ ಹಿಡ್ಕಂಡು ನಂಬರ್ ಬರೀತಿದ್ದೆ ಅಂತ. ಈಸ್ಟ್ ಫೇಸಿಂಗ್ ಒಂದು ನಮಗೆ ಇಟ್ಕಳಿ ಅಂತಾವ್ನೆ.”

“ಓತಿಕ್ಯಾತಗಳನ್ನ ಲೆಕ್ಕ ಹಾಕೋಕೆ ಕಣಪ್ಪ ಅದು.”

“ನಾನೂ ಹಂಗೇ ಹೇಳ್ದೆ. ಮೊದ್ಲು ಎಲ್ಲಾರೂ ಏನೋ ಒಂದು ಹೇಳ್ತಾರೆ ಬುಡಿ ಅಂತಾನೆ.”

ಇಬ್ಬರೂ ನಕ್ಕೆವು. ನಾನು ನಗುವುದರಲ್ಲೇ ಬಿಟ್ಟೆ. ಹಿಂದೂಪುರದ ಬ್ರೋಕರಿಗೆ ಹಾಗೆ ಕಂಡದ್ದು ಆ ಊರಿನವರಿಗೆ ಹೇಗೆ ಕಂಡೀತು ಎಂದು ಯೋಚಿಸಲಿಲ್ಲ.

ಭಾನುವಾರ ಮನೆಗೆ ಹೋಗಿ ಸೋಮವಾರ ಸ್ಕೂಟರಿನಲ್ಲಿ ರೊದ್ದಂ ಮಾರ್ಗವಾಗಿ ವಾಪಸು ಬಂದಾಗ ಗೋಮಾಳದ ಪೂರ್ವದ ಅರ್ಧ ಬೋಳಾಗಿತ್ತು. ಸಾಲುಗಲ್ಲು ಒಂದೂ ಇಲ್ಲ. ಓತಿಗಳು ಕೂರುತ್ತಿದ್ದ ನಂಬರಿನ ಕಲ್ಲುಗಳೂ ಇಲ್ಲ. ಎಲ್ಲವನ್ನೂ ಹೊತ್ತು ದಾರಿಯ ಅಂಚಿನಲ್ಲಿ ರಾಶಿ ಹಾಕಿದ್ದರು. ಪಶ್ಚಿಮದ ಅರ್ಧ ಮಾತ್ರ ಹಾಗೇ ಇತ್ತು. ಎರಡು ತಿಂಗಳ ಕೆಲಸ, ಫೆಲೋಶಿಪ್ಪು, ಎಲ್ಲ ಆ ರಾಶಿಯಲ್ಲಿ ಬಿದ್ದಿದೆ ಅನ್ನಿಸಿತು. ಕೆಂಪೊಡಲನ ಕಲ್ಲು ರಾಶಿಯ ಮೇಲ್ಭಾಗದಲ್ಲೇ ಇತ್ತು, ನಂಬರು ಮೇಲಾಗಿ.

ಸ್ವಲ್ಪ ದೂರದಲ್ಲಿ ಕುರಿ ಮೇಯಿಸುತ್ತಿದ್ದ ಹೆಂಗಸೊಬ್ಬರು ನನ್ನನ್ನೇ ನೋಡುತ್ತಾ ನಿಂತಿದ್ದರು. ದಿನಾ ಕಾಣುತ್ತಿದ್ದವರೇ, ತಲೆಯಾಡಿಸಿ ಹೋಗುವಷ್ಟು ಪರಿಚಯ. ನಾನು ದೊಡ್ಡಮ್ಮ ಎನ್ನುತ್ತಿದ್ದೆ. ನಾನು ಹತ್ತಿರ ಹೋಗುವ ಮೊದಲೇ ಅವರೇ ಶುರುಮಾಡಿದರು.

“ಯಾರು ಕಿತ್ತಿದ್ದು ಅಂತ ಕೇಳಕ್ಕೆ ಬಂದ್ಯಾ? ನಾವೇ ಕಣಮ್ಮ. ನಾನೂ ಕಿತ್ತೆ, ನನ್ ಸೊಸೇನೂ ಕಿತ್ತಳು. ಊರಾಗಿನ ಕುರಿ ಮನೆಯೋರೆಲ್ಲ ಬಂದಿದ್ವಿ.”

“ಯಾಕೆ ದೊಡ್ಡಮ್ಮ?”

“ಯಾಕೆ ಅಂತೀಯಲ್ಲ. ಪ್ಲಾಟಿಗಲ್ದೆ ಇನ್ಯಾತಕ್ಕಮ್ಮ ಕಲ್ಲಿಗೆ ಬಣ್ಣ ಬಳಿಯದು? ರೊದ್ದಂ ಕಡೆ ನನ್ ತಂಗಿ ಊರಾಗೂ ಹಿಂಗೇ ಆಯ್ತು. ಮೊದ್ಲು ಬಿಳೀ ಕಲ್ಲು. ಆಮ್ಯಾಕೆ ಕಂಬ, ಆಮ್ಯಾಕೆ ಗೇಟು. ಈಗ ಅವಳ ಕುರಿ ರೋಡಾಗೆ ಮೇಯ್ತಾವೆ. ನಮಗಿರದು ಇದೊಂದೇ ಬಯಲು.”

“ಇದು ಪ್ಲಾಟಲ್ಲ. ಓತಿಕ್ಯಾತಗಳ ಲೆಕ್ಕ ಹಾಕ್ತಿದೀನಿ.”

“ತೊಂಡಗಳಿಗೆ ನಂಬರಾ?” ಓತಿಯನ್ನು ತೆಲುಗಿನ ಹೆಸರಿನಿಂದ ಕರೆದು ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಅಬದ್ಧಂ ಹೇಳಿದ್ರೂ ನಂಬಂಗಿರ್ಬೇಕು ಕಣಮ್ಮ.”

ಬ್ಯಾಗಿನಲ್ಲಿದ್ದ ಅನುಮತಿ ಪತ್ರ ತೆಗೆದು ತೋರಿಸಿದೆ. ಅವರು ಅದನ್ನು ಮುಟ್ಟಲೂ ಇಲ್ಲ. ವೆಂಚರಿನವರೂ ಮುದ್ರೆ ಹಾಕಿದ ಕಾಗದವನ್ನೇ ತರುವುದು ಎಂದರು. ಉಳಿದರ್ಧ ಯಾಕೆ ಬಿಟ್ಟಿರಿ ಎಂದು ಕೇಳಿದೆ. ಬಿಸಿಲೇರಿತು, ಕುರಿ ಹಸಿದಿದ್ದವು, ಅದನ್ನು ನಾಳೆ ಕೀಳುತ್ತೇವೆ ಎಂದು ಏನೂ ಮುಚ್ಚುಮರೆಯಿಲ್ಲದೆ ಹೇಳಿದರು. ನನಗೆ ಸಿಟ್ಟು ಬಂದಿತ್ತು. ಅದರ ಜೊತೆಗೇ, ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ ಎಂಬುದೂ ಗೊತ್ತಿತ್ತು. ಅದು ಸಿಟ್ಟಿಗಿಂತ ಹೆಚ್ಚು ಕಿರಿಕಿರಿ ಮಾಡಿತು. ನಾಳೆ ಒಂದು ದಿನ ತಡೆಯಿರಿ, ಸಂಜೆ ಬಂದು ಎಲ್ಲರ ಎದುರು ಮಾತಾಡುತ್ತೇನೆ ಎಂದೆ. ಅವರು ಕುರಿಗಳನ್ನು ಅಟ್ಟಿಕೊಂಡು ಊರಿನ ಕಡೆ ನಡೆದರು.

ಬೇವಿನ ಮರದ ಕೆಳಗೆ ನಿಂತು ಮೇಡಂಗೆ ಫೋನ್ ಮಾಡಿದೆ. ಅವರು ಕೇಳಿಸಿಕೊಂಡು, ಸಂಸ್ಥೆಯಿಂದ ಪತ್ರ ಕಳಿಸುತ್ತೇನೆ, ಪೊಲೀಸರಿಗೊಂದು ಅರ್ಜಿ ಕೊಡು ಎಂದರು. ಇಲ್ಲವಾದರೆ ಪೆನುಕೊಂಡದ ಕಡೆ ಬೇರೆ ಬಯಲು ನೋಡು ಎಂದರು. ಅವರು ಮಾತಾಡುತ್ತಿದ್ದಾಗ ನಾನು ಬೋಳು ನೆಲವನ್ನು ನೋಡುತ್ತಿದ್ದೆ. ಕೆಂಪೊಡಲ ತನ್ನ ಕಲ್ಲು ಇದ್ದ ಕುಳಿಯ ಪಕ್ಕದಲ್ಲೇ ಸಮನೆಲದ ಮೇಲೆ ನಿಂತಿದ್ದ. ಕತ್ತೆತ್ತಿ ಬೀಸಣಿಗೆ ಬಿಚ್ಚಿದ. ಹುಲ್ಲಿನ ಮಟ್ಟಕ್ಕೆ ಅದು ಯಾರಿಗೆ ಕಾಣಬೇಕು? ಆದರೂ ಬಿಚ್ಚಿದ.

“ಮೇಡಂ, ಕಲ್ಲು ಸರಿಸಿ ನೋಡೋಣ ಅಂತ ನಾನು ಬರೆದಿದ್ದೆನಲ್ಲ?” ಎಂದೆ.

“ಬರೆದಿದ್ದೆ. ಅದಕ್ಕೇನೀಗ?”

“ಆಳು ಎಲ್ಲಿಂದ ತರ್ತೀಯ ಅಂದಿದ್ರಿ. ಆಳು ಬಂದು ಕೆಲಸ ಮುಗಿಸಿ ಹೋಗಿದಾರೆ. ಅರ್ಧ ಜಾಗದಲ್ಲಿ ಕಲ್ಲಿಲ್ಲ, ಅರ್ಧದಲ್ಲಿದೆ. ಎರಡು ಕಡೆಯೂ ಎಲ್ಲಾ ಓತಿಗಳ ಮೈಮೇಲೆ ಮಣಿ ಇದೆ. ಯಾವ ಕಲ್ಲು ಎಲ್ಲಿತ್ತು ಅನ್ನೋ ನಕ್ಷೆ ನನ್ನ ಹತ್ರ ಇದೆ. ನಾನು ಇವತ್ತಿಂದಲೇ ಬರ್ಕೋತೀನಿ.”

ಮೇಡಂ ಸರಿಯಾದ ಜಾಗಕ್ಕೇ ಕೈ ಹಾಕಿದರು. “ಕಿತ್ತ ಅರ್ಧವನ್ನ ನೀನು ಆರಿಸಿದ್ದಲ್ಲ. ದಾರಿ ಪಕ್ಕದ ಅರ್ಧವೇ ಬೇರೆ ಥರ ಇತ್ತು, ಅದಕ್ಕೇ ಹೀಗಾಯ್ತು ಅಂತ ಸಮಿತಿ ಹೇಳಿದರೆ ಏನು ಉತ್ತರ?”

ಆ ಪ್ರಶ್ನೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೆ ಹೊಸ ಬಯಲಿನಲ್ಲಿ ಮತ್ತೆ ಹಿಡಿದು ಮಣಿ ಕಟ್ಟುವಷ್ಟರಲ್ಲಿ ಮಳೆ ಬರುತ್ತದೆ ಎಂಬುದು ಖಂಡಿತ. ಪೊಲೀಸರನ್ನು ಕರೆದರೆ ಉಳಿದರ್ಧವೂ ಉಳಿಯುವುದಿಲ್ಲ ಎಂಬುದೂ ಅಷ್ಟೇ ಖಂಡಿತ. ಅರ್ಜಿ ಕೊಡುವುದಿಲ್ಲ, ಜಾಗ ಬಿಡುವುದಿಲ್ಲ ಎಂದು ಹೇಳಿ ಫೋನ್ ಇಟ್ಟೆ. ಮೇಡಂ ಎದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಮನಸ್ಸು ಹಗುರವಾಗಿತ್ತು.

ಮಾರನೆಯ ಸಂಜೆ ಹಟ್ಟಿಯ ಹೊರಗೆ ಕುರಿ ಮನೆಯವರೆಲ್ಲ ಸೇರಿದ್ದರು. ಮಾತು ಒಮ್ಮೆ ಕನ್ನಡ, ಒಮ್ಮೆ ತೆಲುಗು. ನಾನು ಭಾಷಣಕ್ಕೆ ಹೋಗಲಿಲ್ಲ. ಇನ್ನೂ ಬಿಸಿಲಿತ್ತು, ಬನ್ನಿ ತೋರಿಸುತ್ತೇನೆ ಎಂದು ಉಳಿದರ್ಧದ ಅಂಚಿಗೆ ಕರೆದುಕೊಂಡು ಹೋಗಿ ದುರ್ಬೀನನ್ನು ದೊಡ್ಡಮ್ಮನ ಕೈಗೆ ಕೊಟ್ಟೆ. ಅವರು ಅದನ್ನು ಹಿಂದುಮುಂದಾಗಿ ಹಿಡಿದು, ಸರಿಮಾಡಿಕೊಂಡು, ಬಹಳ ಹೊತ್ತು ನೋಡಿದರು.

“ಬಾಲದತ್ರ ಏನೋ ಐತೆ. ನೀಲಿ, ಬಿಳಿ… ಇನ್ನೊಂದು ಕೆಂಪು.”

“ಒಡಲು ನೀಲಿ, ಅಂಚು ಬಿಳಿ, ಸೆರಗು ಕೆಂಪು. ನಾನೇ ಕಟ್ಟಿದ್ದು. ನಮ್ಮದು ಮಗ್ಗದ ಮನೆ.”

“ತೊಂಡಕ್ಕೆ ಸೀರೆ ಉಡಿಸೀಯಲ್ಲಮ್ಮ,” ಎಂದು ಅವರು ದುರ್ಬೀನು ಸೊಸೆಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಎಲ್ಲರಿಗೂ ನಗು. ಸೈಟು ಮಾರುವವರು ಓತಿಗೆ ಮಣಿ ಕಟ್ಟುವಷ್ಟು ಪುರುಸೊತ್ತು ಮಾಡಿಕೊಳ್ಳುವುದಿಲ್ಲ ಎಂದು ಒಬ್ಬರು ತೆಲುಗಿನಲ್ಲಿ ಅಂದದ್ದೇ ನನಗೆ ಸಿಕ್ಕ ಪ್ರಮಾಣಪತ್ರ.

ಆಗ ನನ್ನ ಕೋರಿಕೆ ಇಟ್ಟೆ. ಉಳಿದರ್ಧವನ್ನು ಕೀಳಬೇಡಿ. ಕಿತ್ತರ್ಧವನ್ನು ಕೆಲವು ವಾರ ಹಾಗೇ ಬಿಡಿ, ಆಮೇಲೆ ಓತಿಗಳು ಕೂರುವ ಕಲ್ಲುಗಳನ್ನು ಅವು ಇದ್ದ ಜಾಗಕ್ಕೇ ವಾಪಸು ಇಡಲು ಬಿಡಿ. ನಗು ನಿಂತಿತು. ದೊಡ್ಡಮ್ಮ ತಲೆಯಾಡಿಸಿದರು.

“ನೀನು ಒಳ್ಳೆಯೋಳೇ ಇರ್ಬೋದು. ನಿನ್ ಹಿಂದೆ ಬರೋರು ಹೆಂಗೋ. ಸಾಲು ಕಂಡ್ರೆ ಸಾಕು, ಆಗ್ಲೇ ಪ್ಲಾಟಾಗೈತೆ ಅಂತ ಯಾವನೋ ಒಬ್ಬ ಬಂದ್ಬುಡ್ತಾನೆ. ಬಣ್ಣ ಇರಬಾರ್ದು. ಸಾಲು ಇರಬಾರ್ದು. ಸಾಲು ಕಂಡ್ರೆ ಮತ್ತೆ ಕೀಳ್ತೀವಿ.”

ಸಾಲು ಇರಬಾರದು. ಮೇಡಂ ಕೇಳಿದ ಪ್ರಶ್ನೆಗೆ ಉತ್ತರ ಅದರಲ್ಲೇ ಇತ್ತು. ಕಿತ್ತ ಕಲ್ಲುಗಳಲ್ಲಿ ಯಾವುದು ವಾಪಸು ಹೋಗಬೇಕು, ಯಾವುದು ರಾಶಿಯಲ್ಲೇ ಉಳಿಯಬೇಕು ಎಂಬುದನ್ನು ನಾನೂ ಆರಿಸಬಾರದು, ಅವರೂ ಆರಿಸಬಾರದು. ಚೀಟಿ ಎತ್ತಿದ ಹಾಗೆ ಆಗಬೇಕು. ಹಾಗಾದರೆ ನೆಲದ ಗುಣ ಬೇರೆ ಎಂದು ಸಮಿತಿ ಹೇಳಲಾಗುವುದಿಲ್ಲ. ಹಾಗೆ ಇಟ್ಟ ಕಲ್ಲುಗಳಲ್ಲಿ ಯಾವ ಬ್ರೋಕರಿಗೂ ಸಾಲು ಕಾಣುವುದಿಲ್ಲ. ನನಗೆ ಬೇಕಾದದ್ದು, ಅವರಿಗೆ ಬೇಕಾದದ್ದು ಒಂದೇ ಎಂದು ಹೊಳೆದಾಗ ನನಗಾದ ಖುಷಿಯನ್ನು ಅಲ್ಲಿ ಯಾರಿಗೂ ವಿವರಿಸಲಾಗುತ್ತಿರಲಿಲ್ಲ. ಬಣ್ಣ ಕೆರೆದು ನಂಬರನ್ನು ಕಲ್ಲಿನ ಅಡಿಗೆ ಬರೆಯುತ್ತೇನೆ, ಪಶ್ಚಿಮದ ಸಾಲುಗಲ್ಲುಗಳನ್ನೂ ನಾನೇ ಕಿತ್ತುಹಾಕುತ್ತೇನೆ, ಯಾವ ಕಲ್ಲು ವಾಪಸು ಹೋಗಬೇಕು ಎಂದು ಮಣಿ ಎತ್ತಿ ನೀವೇ ಹೇಳಿ ಎಂದೆ. ದೊಡ್ಡಮ್ಮ ಸುತ್ತಲೂ ನೋಡಿ, “ಸರೇ, ನೋಡೋಣ,” ಎಂದರು. ಅಷ್ಟು ಸಾಕಿತ್ತು.

ಸಾಲುಗಲ್ಲು ಹೋದ ಮೇಲೆ ಅಳತೆಯ ಕೆಲಸ ಇಮ್ಮಡಿಯಾಯಿತು. ಬೇವಿನ ಮರ ಒಂದು, ಕದಲಿಸಲಾಗದ ದೊಡ್ಡ ಬಂಡೆ ಒಂದು. ಪ್ರತಿ ಸಲ ಓತಿ ಕಂಡಾಗಲೂ ಎರಡರಿಂದಲೂ ದೂರ ಅಳೆದು ಬರೆಯಬೇಕು. ಬೆಳಿಗ್ಗೆ ಬೋಳು ನೆಲ, ಮಧ್ಯಾಹ್ನಕ್ಕೆ ಮೊದಲು ಕಲ್ಲಿನ ನೆಲ, ಮಾರನೆಯ ದಿನ ತಿರುವುಮುರುವು. ಕಲ್ಯಾಣದುರ್ಗದ ಬಾಡಿಗೆ ಕೋಣೆಗೆ ಬಂದಾಗ ಬೆನ್ನು ಹಲಗೆಯಾಗಿರುತ್ತಿತ್ತು. ಆದರೆ ಕೆಲಸ ಸರಿಯಾದ ದಾರಿಯಲ್ಲಿದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ.

ಕಲ್ಲು ಕಳೆದುಕೊಂಡ ಗಂಡುಗಳು ಮೊದಮೊದಲು ಜಾಗ ಬಿಡಲಿಲ್ಲ. ನೆಲದ ಮೇಲೆ ನಿಂತು, ಒಣ ಸೆಗಣಿಯ ಮೇಲೆ ಹತ್ತಿ, ಹುಲ್ಲಿನ ಬುಡ ಏರಿ ಬೀಸಣಿಗೆ ಬಿಚ್ಚಿದವು. ಹೆಣ್ಣುಗಳು ಆ ಕಡೆ ಸುಳಿಯುವುದನ್ನೇ ಬಿಟ್ಟವು. ಆಮೇಲೆ ಗಂಡುಗಳೂ ಒಂದೊಂದಾಗಿ ಚದುರಿದವು. ದಾರಿ ಅಂಚಿನ ಕಲ್ಲುರಾಶಿಯ ಮೇಲೆ ಕಾದಾಟವೇ ನಡೆದು ಕೊನೆಗೆ ಒಬ್ಬನೇ ಉಳಿದ. ಅವನು ಕೆಂಪೊಡಲ ಆಗಿರಲಿಲ್ಲ. ಕೆಂಪೊಡಲ ಒಂದು ಬೆಳಿಗ್ಗೆಯಿಂದ ಕಾಣೆಯಾದ. ಗಿಡುಗ ಎತ್ತಿಕೊಂಡು ಹೋಗಿರಬೇಕು ಎಂದು ಬರೆದುಕೊಂಡೆ. ಬರೆಯುವಾಗ ಬೇಜಾರಾಯಿತು. ಆಮೇಲೊಂದು ದಿನ ಪಶ್ಚಿಮದ ಅಂಚಿನಲ್ಲಿ, ಬೇರೊಬ್ಬನ ಕಲ್ಲಿನ ಬುಡದಲ್ಲಿ ಬಾಲದ ತುದಿ ಕಳೆದುಕೊಂಡ ಓತಿಯೊಂದು ಕಂಡಿತು. ಮಣಿ ಮಾತ್ರ ಭದ್ರವಾಗಿತ್ತು. ಕೆಂಪು, ಹಸಿರು, ಹಳದಿ.

ಮಣಿ ಎತ್ತುವ ದಿನ ದೊಡ್ಡಮ್ಮ ಸ್ನಾನ ಮಾಡಿ ಬಂದಿದ್ದರು. ಹಿತ್ತಾಳೆ ಚೊಂಬಿನಲ್ಲಿ ಕೆಂಪು, ಬಿಳಿ ಮಣಿಗಳನ್ನು ಸಮಸಮ ಹಾಕಿದ್ದೆ. ನಾನು ಕಲ್ಲಿನ ಅಡಿಯ ನಂಬರು ಓದಬೇಕು, ಅವರು ಕಣ್ಣು ಬೇರೆ ಕಡೆ ತಿರುಗಿಸಿ ಒಂದು ಮಣಿ ತೆಗೆಯಬೇಕು. ಕೆಂಪು ಬಂದರೆ ಕಲ್ಲು ವಾಪಸು, ಬಿಳಿ ಬಂದರೆ ರಾಶಿಯಲ್ಲೇ. ಕೆಂಪೊಡಲನ ಕಲ್ಲಿನ ನಂಬರು ಓದುವಾಗ ನನ್ನ ದನಿ ಬದಲಾಗಿರಬೇಕು, ಅವರು ನನ್ನ ಮುಖ ನೋಡಿದರು.

“ಇದು ನಿನಗೆ ಬೇಕಾದ ಕಲ್ಲೇನಮ್ಮ?”

“ಬೇಕಾದ್ದು ಬೇಡದ್ದು ಅಂತ ಇಲ್ಲ ದೊಡ್ಡಮ್ಮ. ಬಂದದ್ದು ಬರಲಿ.”

“ಹಂಗಂತೀಯ. ಮುಖ ಬ್ಯಾರೆ ಹೇಳ್ತೈತೆ,” ಎಂದು ನಕ್ಕು ಕೈ ಹಾಕಿದರು. ಕೆಂಪು ಬಂತು.

ಕಿತ್ತವರೇ ಹೊತ್ತು ತಂದರು. ನಕ್ಷೆ ನೋಡಿ ನಾನು ಜಾಗ ತೋರಿಸಿದ ಹಾಗೆ ಕಲ್ಲನ್ನು ಹಳೆಯ ಕುಳಿಯಲ್ಲಿ ಕೂರಿಸಿ, ಅಲುಗುತ್ತದೆಯೇ ಎಂದು ಕಾಲಲ್ಲಿ ಒತ್ತಿ ನೋಡಿದರು. ಮುಗಿದ ಮೇಲೆ ದೊಡ್ಡಮ್ಮ ದಾರಿಗೆ ಹೋಗಿ ನಿಂತು ಎಡಕ್ಕೆ ಬಲಕ್ಕೆ ಬಾಗಿ ಪರೀಕ್ಷೆ ಮಾಡಿದರು. ಎಲ್ಲಿಂದಲೂ ಸಾಲು ಕಾಣಲಿಲ್ಲ.

ಮುಂದಿನ ದಿನಗಳಲ್ಲಿ ನನ್ನ ಪ್ರಶ್ನೆ ತಾನಾಗಿ ಬಿಡಿಸಿಕೊಂಡಿತು. ಕೆಂಪೊಡಲನ ಕಲ್ಲನ್ನು ಮೊದಲು ಹತ್ತಿದವನು ಸಣ್ಣ ಬೀಸಣಿಗೆಯ, ಅಲ್ಲಿಯವರೆಗೆ ಕಲ್ಲೇ ಇಲ್ಲದ ಒಬ್ಬ. ಅವನು ಹತ್ತಿದ್ದೇ ತಡ, ಹೆಣ್ಣುಗಳು ಆ ಕಡೆ ಸುಳಿಯತೊಡಗಿದವು. ವಾಪಸು ಇಟ್ಟ ಬೇರೆ ಕಲ್ಲುಗಳಲ್ಲೂ ಅದೇ ಕಥೆ. ಬಿಳಿ ಮಣಿ ಬಂದ ಖಾಲಿ ಕುಳಿಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಹೆಣ್ಣು ಬರುವುದು ಕಲ್ಲಿಗೆ. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದು ಬೆಳಿಗ್ಗೆ ಮೊಂಡುಬಾಲದ ಕೆಂಪೊಡಲ ಬೋಳು ನೆಲ ದಾಟಿ ಬಂದ. ಕಲ್ಲಿನ ಬುಡದಲ್ಲಿ ನಿಂತು ಬೀಸಣಿಗೆ ಬಿಚ್ಚಿದ. ಮೇಲಿದ್ದವನೂ ಬಿಚ್ಚಿದ. ಹಾಗೆ ಎಷ್ಟೋ ಹೊತ್ತು. ಕಚ್ಚಾಟವೂ ಆಗಲಿಲ್ಲ, ಸಣ್ಣವನು ಸುಮ್ಮನೆ ಹಿಂಬದಿಯಿಂದ ಇಳಿದು ಹೋದ. ಉಳಿದ ಕಲ್ಲುಗಳಲ್ಲೂ ಮಳೆ ಬರುವ ಹೊತ್ತಿಗೆ ಯಜಮಾನಿಕೆ ಬಹುಪಾಲು ದೊಡ್ಡ ಬೀಸಣಿಗೆಯವರ ಪಾಲಾಗಿತ್ತು. ಹೆಣ್ಣು ಬರುವುದು ಕಲ್ಲಿಗೆ, ಕಲ್ಲು ಉಳಿಯುವುದು ಬೀಸಣಿಗೆಯವನಿಗೆ. ಕೆಂಪೊಡಲ ಮೇಲೆ ಹತ್ತಿದಾಗ ನಾನು ದುರ್ಬೀನು ಇಳಿಸಿ ಕಣ್ಣೊರೆಸಿಕೊಂಡೆ, ಬಿಸಿಲಿಗಲ್ಲ.

ಸಮಿತಿಯಲ್ಲಿ ಹಿರಿಯರೊಬ್ಬರು ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಮೇಡಂ ನನ್ನ ಪಕ್ಕದಲ್ಲಿ ಪೆನ್ನು ತಿರುಗಿಸುತ್ತಾ ಕೂತಿದ್ದರು.

“ಕಲ್ಲು ತೆಗೆದ ಅರ್ಧವನ್ನ ಯಾವ ಆಧಾರದ ಮೇಲೆ ಆರಿಸಿದಿರಿ?”

“ನಾನು ಆರಿಸಲಿಲ್ಲ ಸರ್. ಊರಿನವರು ಕಿತ್ತರು, ಬಿಸಿಲೇರಿತು ಅಂತ ಅರ್ಧಕ್ಕೆ ನಿಲ್ಲಿಸಿದರು. ಅದಕ್ಕೇ ಆ ಭಾಗದಿಂದ ನಾನು ಯಾವ ತೀರ್ಮಾನಕ್ಕೂ ಬಂದಿಲ್ಲ. ವಾಪಸು ಇಟ್ಟ ಕಲ್ಲುಗಳು ಮಾತ್ರ ಚೀಟಿ ಎತ್ತಿದ ಹಾಗೆ ಆರಿಸಿದವು. ತೀರ್ಮಾನವೆಲ್ಲ ಅವುಗಳಿಂದ.”

“ಎತ್ತಿದವರು ಯಾರು?”

“ಕಿತ್ತವರೇ.”

ಅವರು ನಕ್ಕರು. ಹಾಗೆಂದು ನನ್ನ ಕೆಲಸ ಹಗುರ ಮಾಡಲಿಲ್ಲ, ಇನ್ನೂ ಬೇಕಾದಷ್ಟು ಕೇಳಿದರು. ನಾನು ಕೂತ ಕಲ್ಲು ಬಿಡಲಿಲ್ಲ. ಫೆಲೋಶಿಪ್ ಮುಂದುವರಿಯಿತು. ಹೊರಗೆ ಬಂದ ಮೇಲೆ ಮೇಡಂ, “ಮುಂದಿನ ಬೇಸಿಗೆಗೂ ಅದೇ ಆಳುಗಳನ್ನೇ ಕರಿ,” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಸುದ್ದಿ ಹೇಳಲು ಗೋಮಾಳಕ್ಕೆ ಹೋದಾಗ ಮಳೆ ಬಿದ್ದು ನೆಲವೆಲ್ಲ ಹಸಿರಾಗಿತ್ತು. ಓತಿ ಒಂದೂ ಕಾಣಲಿಲ್ಲ. ದೊಡ್ಡಮ್ಮ ಕೆಂಪೊಡಲನ ಕಲ್ಲಿನ ಮೇಲೇ ಕೂತು ಕುರಿ ಕಾಯುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಸರಿದರು. ಎರಡು ಜನಕ್ಕೆ ಜಾಗವಿರಲಿಲ್ಲ, ನಾನು ನೆಲದ ಮೇಲೆ ಕೂತೆ.

“ಏನಾಯ್ತಮ್ಮ ನಿನ್ ಪರೀಕ್ಷೆ?”

“ಪಾಸಾಯ್ತು ದೊಡ್ಡಮ್ಮ. ಇನ್ನೂ ಮೂರು ವರ್ಷ ಬರ್ತೀನಿ.”

“ಮೂರು ವರ್ಷಾನಾ?” ಅವರು ಬಯಲನ್ನೊಮ್ಮೆ ಈ ತುದಿಯಿಂದ ಆ ತುದಿಗೆ ನೋಡಿದರು. “ಮೊನ್ನೆ ಟೇಪು ಹಿಡ್ಕಂಡು ಇಬ್ರು ಬಂದಿದ್ರು. ಕಾರಾಗೆ. ಈ ಜಾಗ ಯಾರದು, ಎಷ್ಟೈತೆ ಅಂತ ಕೇಳಿದ್ರು.”

“ನೀವೇನಂದ್ರಿ?”

“ಇಲ್ಲಿ ತೊಂಡಗಳ ಲೆಕ್ಕ ನಡೀತೈತೆ, ಒಂದೊಂದು ಕಲ್ಲಿಗೂ ಅಡೀಲಿ ನಂಬರೈತೆ, ಒಂದು ಸರಿಸಿದ್ರೂ ಲೆಕ್ಕ ಹಾಕೋ ಮೇಡಮ್ಮು ಅರಣ್ಯದೋರನ್ನ ಕರ್ಕಂಡು ಬತ್ತಾಳೆ ಅಂದೆ. ಅವ್ರು ನಂಬಲಿಲ್ಲ. ಈ ಕಲ್ಲನ್ನೇ ಎತ್ತಿ ತಿರುಗಿಸಿ ತೋರಿಸ್ದೆ.”

“ಆಮೇಲೆ?”

“ನಂಬರು ನೋಡಿದ್ರು. ಕಾರು ಹತ್ತಿದ್ರು.” ದೊಡ್ಡಮ್ಮ ಎದ್ದು ಕೋಲು ತೆಗೆದುಕೊಂಡರು. “ಕಲ್ಲು ಮೊದ್ಲಿದ್ದಂಗೇ ಇಟ್ಟಿದೀನಿ ಕಣಮ್ಮ, ಬೇಕಾದ್ರೆ ಅಳ್ಕೋ.”

ನಾನು ಟೇಪು ತೆಗೆದು ಬೇವಿನ ಮರದಿಂದ ಒಮ್ಮೆ, ಬಂಡೆಯಿಂದ ಒಮ್ಮೆ ಅಳೆದೆ. ಸರಿಯಾಗಿತ್ತು.